ಸಾಕ್ಷಿಯ ಬತ್ತೆ

ನಮ್ಮ ದೊಡ್ಡಪ್ಪ ಕೆಂಗೇರಿ ಕಡೆ ಗಾರೆ ಕೆಲಸ ಮಾಡುವವನು. ಜಾತಿ ನಿಂದನೆಯ ಕೇಸೊಂದರಲ್ಲಿ ಸಾಕ್ಷಿ. ನಾಲ್ಕು ಸಲ ಕೋರ್ಟಿಗೆ ಹೋದ, ನಾಲ್ಕು ಸಲವೂ ವಾಯಿದೆ. ನಾಲ್ಕು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. 'ಬತ್ತೆ ಕೇಳಲಿಲ್ವಾ ದೊಡ್ಡಪ್ಪ?' ಅಂದೆ. 'ಸತ್ಯ ಹೇಳಕ್ಕೆ ದುಡ್ಡು ಕೇಳದಾ? ಎದುರು ಕಡೆ ಲಾಯರ್ರು ಅದನ್ನೇ ಹಿಡ್ಕಂತಾನೆ ಕಣಪ್ಪ' ಅಂದ. ವಿಜಯನಗರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವ ನನ್ನ ಬಳಿ ಉತ್ತರವಿರಲಿಲ್ಲ.

ಈ ಬತ್ತೆಗೂ ಒಂದು ಚರಿತ್ರೆಯಿದೆ. ಕಂಪನಿ ಸರ್ಕಾರದ ಕಾಗದಪತ್ರಗಳಲ್ಲಿ 'ಬಟ್ಟಾ' ಎಂದರೆ ಸೈನಿಕರ ಹೆಚ್ಚುವರಿ ಭತ್ಯೆ. ಸಾಕ್ಷಿಗೆ, ಕೈದಿಗೆ ಕೊಡುವ ಹೊಟ್ಟೆಪಾಡಿನ ಕಾಸೂ ಹೌದು. ಅದು ಕನ್ನಡದ 'ಭತ್ತ'ದಿಂದಲೇ ಹುಟ್ಟಿರಬಹುದೆಂಬ ಊಹೆ 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿದೆ. ಕ್ಲೈವ್ ದುಪ್ಪಟ್ಟು ಬಟ್ಟಾ ನಿಲ್ಲಿಸಿದನೆಂದು 1766ರಲ್ಲಿ ಬಂಗಾಳದ ಬಿಳಿ ಅಧಿಕಾರಿಗಳು ಗುಂಪುಗೂಡಿ ರಾಜೀನಾಮೆಗೆ ನಿಂತರು. ಅವರಿಗೆ ಅದು ನಾಚಿಕೆಯ ಮಾತಾಗಿರಲಿಲ್ಲ. ಭತ್ತ ನಾಟಿ ಮಾಡಿದವರ ಮಕ್ಕಳು ನಾಚಬೇಕಾಗಿದೆ.

1898ರ ದಂಡ ಪ್ರಕ್ರಿಯಾ ಸಂಹಿತೆಯ 544ನೆಯ ಕಲಮು, 1973ರ ಸಂಹಿತೆಯ 312ನೆಯ ಕಲಮು ಎರಡೂ ಸಾಕ್ಷಿಯ ಖರ್ಚನ್ನು ಸರ್ಕಾರದಿಂದ ಕೊಡಿಸ'ಬಹುದು' ಎಂದವು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಆ 'ಬಹುದು' ಹಾಗೇ ಕೂತಿದೆ. ಅದನ್ನು ಅಲುಗಿಸಿದ್ದು 1989ರ ದೌರ್ಜನ್ಯ ತಡೆ ಕಾಯ್ದೆ. ಅದರಡಿಯ 1995ರ ನಿಯಮಗಳಲ್ಲಿ 11ನೆಯದನ್ನು ಓದಿ: ಸಾಕ್ಷಿಗೆ ಹೋಗಿ ಬರುವ ಎರಡನೆ ದರ್ಜೆಯ ರೈಲು ಚಾರ್ಜು ಅಥವಾ ನಿಜವಾಗಿ ತಗಲಿದ ಬಸ್ಸು, ಟ್ಯಾಕ್ಸಿ ಖರ್ಚು, ಊಟದ ಖರ್ಚು, ಕೃಷಿ ಕೂಲಿಕಾರರ ಕನಿಷ್ಠ ವೇತನಕ್ಕೆ ಕಮ್ಮಿಯಿಲ್ಲದ ದಿನಭತ್ಯೆ. ಕೂಡಲೇ, ತಪ್ಪಿದರೆ ಮೂರು ದಿನದೊಳಗೆ, ಜಿಲ್ಲಾ ಮ್ಯಾಜಿಸ್ಟ್ರೇಟರೋ ಅವರ ಕೆಳಗಿನವರೋ ಕೊಡತಕ್ಕದ್ದು. 2016ರ ತಿದ್ದುಪಡಿ ಇದನ್ನು ಸಾಕ್ಷಿಯ ಹಕ್ಕುಗಳ ಅಧ್ಯಾಯಕ್ಕೇ ಸೇರಿಸಿತು. (ದಲಿತ ಸಾಕ್ಷಿ ಎಂದರೆ ಹೊಲದ ಕೂಲಿಯೇ ಎಂದು ನಿಯಮ ಬರೆದವರು ಎಣಿಸಿದ್ದಾರೆ. ಗಾರೆಯವನ ಕೂಲಿ ಅವರಿಗೆ ಹೊಳೆಯಲಿಲ್ಲ.)

ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಬತ್ತೆ ಕೊಟ್ಟುಬಿಟ್ಟರೆ ಇಂಥ ಭಯ ಹೋಗುತ್ತದೆ ಅನ್ನುವಷ್ಟು ದಡ್ಡ ನಾನಲ್ಲ. ಆದರೆ 'ಪ್ರತಿಕೂಲ ಸಾಕ್ಷಿ' ಎಂದು ಸುಲಭವಾಗಿ ಅಂದುಬಿಡುವ ನಾವು, ಆತ ನಾಳೆ ಬೆಳಿಗ್ಗೆ ಯಾರ ಹೊಲಕ್ಕೆ ಕೂಲಿಗೆ ಹೋಗಬೇಕು ಎಂದು ಕೇಳಿದ್ದೇವೆಯೆ? ನಮ್ಮ ವಿಮರ್ಶೆ 'ಸಾಕ್ಷಿಪ್ರಜ್ಞೆ'ಯ ಬಗ್ಗೆ ದೊಡ್ಡ ದೊಡ್ಡ ಮಾತಾಡಿದೆ. ಆ ಪ್ರಜ್ಞೆಗೆ ಹೊಟ್ಟೆಯಿಲ್ಲ, ಅದು ಬಸ್ಸು ಹತ್ತುವುದಿಲ್ಲ. ಕಟಕಟೆಯಲ್ಲಿ ನಿಂತವನಿಗೆ ಎರಡೂ ಉಂಟು. ಸರ್ಕಾರ ಕೊಡದ ಬಸ್ ಚಾರ್ಜನ್ನು ಎದುರು ಪಾರ್ಟಿಯವನು ಜೀಪು ತಂದು ತೀರಿಸಿಕೊಡಬಲ್ಲ. ರಾಜಿ ಅಲ್ಲಿಂದಲೇ ಶುರುವಾಗಬಹುದು.

ಐದನೆ ವಾಯಿದೆಗೆ 11ನೆಯ ನಿಯಮ ನಮೂದಿಸಿ ಅರ್ಜಿ ಬರೆದುಕೊಟ್ಟೆ. ದೊಡ್ಡಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. 'ಮೊದ್ಲು ಸಾಕ್ಷಿ ಹೇಳ್ಬುಡ್ತೀನಿ, ಆಮೇಲೆ ಕೊಡ್ತೀನಿ' ಅಂದ.