ಮಳೆಗಾಲದ ಜ್ವರ ಮತ್ತು ವಿಕಿರಣ ಗಾಯ: ರಕ್ತದ ಪ್ರೋಟೀನ್ ಸೂಚಕಗಳಿಗೆ ಅಂಧೇರಿಯ ಒರೆಗಲ್ಲು

ಸಾರಾಂಶ: ವಿಕಿರಣಕ್ಕೆ ಸಿಕ್ಕವರನ್ನು ಬೇಗ ಗುರುತಿಸಲು ರಕ್ತದ ಕೆಲವು ಪ್ರೋಟೀನ್‌ಗಳು ನೆರವಾಗುತ್ತವೆ. ಆದರೆ ಅವು ಸೋಂಕಿನಲ್ಲೂ ಏರುವುದುಂಟು. ಆದ್ದರಿಂದ ಮುಂಬಯಿಯಲ್ಲಿ ಬಳಸುವ ಮೊದಲು ಅವನ್ನು ಮಳೆಗಾಲದ ಜ್ವರಪೀಡಿತರ ರಕ್ತದಲ್ಲೂ ಅಳೆದು ನೋಡಬೇಕೆಂಬುದು ಈ ಲೇಖನದ ವಾದ.

ಹಿನ್ನೆಲೆ

2010ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ವಿಲೇವಾರಿ ಮಾಡಿದ ಹಳೆಯ ಉಪಕರಣದೊಳಗಿನ ವಿಕಿರಣಶೀಲ ಕೋಬಾಲ್ಟ್-60 ಮಾಯಾಪುರಿಯ ಗುಜರಿ ಅಂಗಡಿಗಳನ್ನು ಸೇರಿತು. ಹಲವರು ಗಾಯಗೊಂಡರು, ಒಬ್ಬರು ತೀರಿಕೊಂಡರು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಇಂಥದೇ ವಿಕಿರಣ ಅಪಘಾತದ ಬಳಿಕ ಸುಮಾರು 1,12,000 ಜನರ ತಪಾಸಣೆ ನಡೆದಾಗ ಕಲುಷಿತರೆಂದು ಕಂಡುಬಂದವರು 249 ಮಂದಿ. ಅಪಘಾತದ ಮೊದಲ ದಿನಗಳಲ್ಲಿ ವೈದ್ಯರ ಮುಂದಿರುವ ಕಠಿಣ ಕೆಲಸವೆಂದರೆ ಹೆದರಿ ಬಂದವರ ನಡುವಿನಿಂದ ಗಾಯಗೊಂಡವರನ್ನು ಬೇರ್ಪಡಿಸುವುದು.

ಇದಕ್ಕೆ ಅತ್ಯಂತ ನಂಬಿಕೆಯ ವಿಧಾನ ಲಿಂಫೋಸೈಟ್‌ಗಳಲ್ಲಿ ದ್ವಿಕೇಂದ್ರ ವರ್ಣತಂತುಗಳನ್ನು ಎಣಿಸುವುದು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಈ ಪರಿಣತಿಯಿದೆ. ಆದರೆ ಕೋಶಗಳನ್ನು ಬೆಳೆಸಲು ಸುಮಾರು 48 ಗಂಟೆ ಬೇಕು. ಅಸ್ಥಿಮಜ್ಜೆಯನ್ನು ಚುರುಕುಗೊಳಿಸುವ ಔಷಧಿಯನ್ನಾದರೋ ಆದಷ್ಟು ಬೇಗ ಕೊಡಬೇಕು.

ಪ್ರೋಟೀನ್‌ಗಳ ಸಾಕ್ಷ್ಯ

ಜೊಲ್ಲುಗ್ರಂಥಿಗೆ ವಿಕಿರಣ ತಗುಲಿದರೆ ರಕ್ತದ ಅಮೈಲೇಸ್ ಒಂದು ದಿನದೊಳಗೇ ಏರಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ಯಕೃತ್ತು ಉತ್ಪಾದಿಸುವ ಸಿ-ರಿಯಾಕ್ಟಿವ್ ಪ್ರೋಟೀನ್ ಉರಿಯೂತವನ್ನು ತಿಳಿಸುತ್ತದೆ. ಮಜ್ಜೆಯ ಮೂಲಕೋಶಗಳು ನಶಿಸಿದಂತೆ ಎಫ್‌ಎಲ್‌ಟಿ-3 ಲೈಗಾಂಡ್ ಏರುತ್ತದೆ. ಮಜ್ಜೆ ಎಷ್ಟು ಹಾಳಾಗಿದೆ ಎಂಬುದಕ್ಕೆ ಈ ಮೂರರಲ್ಲಿ ಇದೇ ನೇರ ಸಾಕ್ಷಿ.

ಅಂಧೇರಿಯ ಪ್ರಶ್ನೆ

ಜುಲೈ-ಆಗಸ್ಟ್‌ನಲ್ಲಿ ಮುಂಬಯಿಯ ಅಂಧೇರಿ ಬಡಾವಣೆಯ ದವಾಖಾನೆಗಳಿಗೆ ಮಲೇರಿಯಾ, ಡೆಂಗ್ಯೂ, ಇಲಿಜ್ವರದ ರೋಗಿಗಳು ಬರುತ್ತಾರೆ. ಇಲಿಜ್ವರದಲ್ಲಿ ಸಿ-ರಿಯಾಕ್ಟಿವ್ ಪ್ರೋಟೀನ್ ಏರುತ್ತದೆ. ಡೆಂಗ್ಯೂ ಬಿಳಿ ರಕ್ತಕಣಗಳನ್ನು ತಗ್ಗಿಸುತ್ತದೆ, ವಿಕಿರಣವೂ ತಗ್ಗಿಸುತ್ತದೆ. ಮಲೇರಿಯಾದಲ್ಲಿ ಎಫ್‌ಎಲ್‌ಟಿ-3 ಲೈಗಾಂಡ್ ಕೂಡ ಏರುವುದನ್ನು 2013ರ ಅಧ್ಯಯನ ತೋರಿಸಿದೆ. ಆರೋಗ್ಯವಂತರ ರಕ್ತವನ್ನಷ್ಟೇ ಆಧರಿಸಿ ನಿಗದಿಮಾಡಿದ ಮಿತಿ ಇಲ್ಲಿ ಜ್ವರದವರನ್ನು ವಿಕಿರಣ ಪೀಡಿತರ ಸಾಲಿಗೆ ಸೇರಿಸಬಹುದು.

ಉಪಸಂಹಾರ

ಮಜ್ಜೆಯ ಕಸಿಗೆ ಮುನ್ನ ಇಡೀ ದೇಹಕ್ಕೆ ವಿಕಿರಣ ಪಡೆಯುವ ರೋಗಿಗಳಿಗೆ ತಗುಲುವ ಪ್ರಮಾಣ ಖಚಿತವಾಗಿ ಗೊತ್ತಿರುತ್ತದೆ. ಅವರ ಒಪ್ಪಿಗೆ ಪಡೆದು ತೆಗೆದ ರಕ್ತವನ್ನು ಅದೇ ಋತುವಿನ ಜ್ವರಪೀಡಿತರ ರಕ್ತದೊಂದಿಗೆ ಹೋಲಿಸಬೇಕು. ಒಂದೇ ಅಳತೆಯನ್ನು ನಂಬದೆ, ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಅಳೆದು ಪ್ರೋಟೀನ್‌ಗಳ ಏರಿಕೆಯನ್ನೂ ಲಿಂಫೋಸೈಟ್‌ಗಳ ಇಳಿಕೆಯನ್ನೂ ಒಟ್ಟಿಗೆ ಓದಬೇಕು. ಪ್ರೋಟೀನ್ ಪರೀಕ್ಷೆ ಯಾರನ್ನು ಮೊದಲು ನೋಡಬೇಕೆಂದು ಹೇಳಲಿ. ಪ್ರಮಾಣವೆಷ್ಟೆಂಬ ತೀರ್ಮಾನ ವರ್ಣತಂತು ಪರೀಕ್ಷೆಗೇ ಇರಲಿ.