ಮುಚ್ಚಳದೊಳಗಿನ ಹನಿ

ಸೂರ್ಯ ಮುಳುಗಿದರೆ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕೂ ಮಲಗುತ್ತೆ. ಆಮೇಲೂ ಮಧುಗಿರಿ, ಶಿರಾ, ಕೊರಟಗೆರೆಯಲ್ಲಿ ದೀಪ ಉರಿಯುತ್ತಲ್ಲ, ಆ ಕರೆಂಟಿನಲ್ಲಿ ಕೈಗಾದ ಪಾಲೂ ಇದೆ.

ಕೈಗಾ ಸುಮ್ಮನೆ ಬಂದಿದ್ದಲ್ಲ ಸ್ವಾಮಿ. ಅದು ಬೇಡವೆಂದು ಹೋರಾಡಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೇ ನಿಂತರು, ಸೋತರು. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಒಳಗೆ ಇಂಧನ ಇರಲಿಲ್ಲ, ಬಚಾವಾದೆವು. 2000ದಲ್ಲಿ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಅಲ್ಲಿಗೆ ನಾವು ಪ್ರಶ್ನೆ ಕೇಳೋದನ್ನೇ ಬಿಟ್ಟೆವು.

ಉರಿದು ಮುಗಿದ ಇಂಧನ ಎಲ್ಲಿಡೋದು? ಮೊದಲು ವರ್ಷಗಟ್ಟಲೆ ನೀರಿನ ಕೊಳದಲ್ಲಿ. ಆಮೇಲೆ ಒಣಗಿಸಿ ದಪ್ಪ ಪೀಪಾಯಿಯಲ್ಲಿ ಮುಚ್ಚಿಡುವ ಪದ್ಧತಿ ರಾಜಸ್ಥಾನದ ಸ್ಥಾವರದಲ್ಲೂ ಇದೆ. ಕುತ್ತು ಇರೋದು ಇಲ್ಲೇ. ಸಂದಿಯಲ್ಲಿ ನೀರು ಉಳಿದರೆ ವಿಕಿರಣ ಅದನ್ನು ಒಡೆದು ಹೈಡ್ರೋಜನ್, ಆಕ್ಸಿಜನ್ ಹುಟ್ಟಿಸುತ್ತೆ. ಒತ್ತಡ ಏರುತ್ತೆ, ಲೋಹ ಸವೆಯುತ್ತೆ. ಎರಡೂ ಅನಿಲ ಸಾಕಷ್ಟು ಸೇರಿದರೆ ಒಂದು ಕಿಡಿ ಸಾಕು. ಅದಕ್ಕೇ ಗಾಳಿ ಎಳೆದು ಒಣಗಿಸಿ ಹೀಲಿಯಂ ತುಂಬುವ ಕ್ರಮ ಬಂತು. ಹೊಸ ಸಂಗತಿಯೇನಲ್ಲ: ರೇಡಿಯಂ ಕರಗಿಸಿದ ನೀರು ತಾನಾಗಿ ಅನಿಲ ಬಿಡೋದನ್ನು ವಿಜ್ಞಾನಿಗಳು ಕಂಡು ನೂರು ವರ್ಷ ದಾಟಿದೆ.

ಕೈಗಾ ಮುಚ್ಚಿ ಅಂತ ನಾನು ಹೇಳ್ತಿಲ್ಲ. ಇಂಧನ ಎಲ್ಲೇ ಇಡಿ, ಮುಚ್ಚಳ ಬಿಗಿಯುವ ಮುಂಚೆ ಎಷ್ಟು ಒಣಗಿದೆ ಅಂತ ಅಳೆಯಿರಿ. ಆ ಲೆಕ್ಕ ಜನರ ಮುಂದಿಡಿ. ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದ ಪಾವಗಡದವರನ್ನು ಕೇಳಿ, ಹೇಳ್ತಾರೆ: ಕಣ್ಣಿಗೆ ಕಾಣದ್ದು ಮೂಳೆಗಿಳಿದ ಮೇಲೆ ಲೆಕ್ಕ ಕೇಳಿ ಏನು ಪ್ರಯೋಜನ?