ಬಿಡುಗಡೆಯೂ ಹೊಣೆಯೂ: ವಿಕ್ಟೋರಿಯಾ ಯುಗದ ಕಥೆಗಳಲ್ಲಿ ಲೋಭ, ಕನ್ನಡ ನಾಡಿನಲ್ಲಿ ಸಾಲ

1843ನೆಯ ಇಸವಿಯ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಅದೇ ವರ್ಷದ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಪ್ರಕಟವಾಯಿತು. ಇವೆರಡಕ್ಕೂ ನೇರವಾದ ಸಂಬಂಧವಿಲ್ಲ. ಆದರೂ ಕನ್ನಡ ಪತ್ರಿಕೋದ್ಯಮ ಕಣ್ತೆರೆದ ವರ್ಷದಲ್ಲಿಯೇ ಹುಟ್ಟಿದ ಆ ಇಂಗ್ಲಿಷ್ ಕಥೆಯು ಮುಂದೆ ನಮ್ಮ ಸಭೆಗಳ ಕ್ರಿಸ್ಮಸ್ ನಾಟಕಗಳಿಗೂ ಪ್ರಸಂಗಗಳಿಗೂ ಬಂದು ಸೇರಿತು. ಜಿಪುಣನಾದ ಸ್ಕ್ರೂಜನು ಒಂದೇ ರಾತ್ರಿಯಲ್ಲಿ ಬದಲಾದ ವೃತ್ತಾಂತವನ್ನು ಮಾನಸಾಂತರಕ್ಕೆ ಉದಾಹರಣೆಯಾಗಿ ಕೇಳದ ವಿದ್ಯಾರ್ಥಿಗಳು ನಮ್ಮಲ್ಲಿ ವಿರಳ. ಆ ಮಾನಸಾಂತರವು ಪೂರ್ಣವಾದುದೇ ಎಂಬ ಪ್ರಶ್ನೆಯನ್ನು ಈ ಲೇಖನವು ಕನ್ನಡ ನಾಡಿನ ಚರಿತ್ರೆಯ ಬೆಳಕಿನಲ್ಲಿ ಪರಿಶೀಲಿಸುತ್ತದೆ.

ಒಂದು ಶಬ್ದದ ವಿಚಾರ

ಶಿರಗುಪ್ಪಿ, ಕಾಗವಾಡ, ಅಥಣಿಗಳ ಸುತ್ತಿನ ರೈತನು ಸಾವಕಾರನಲ್ಲಿ ಒತ್ತೆಯಿಟ್ಟ ಹೊಲವನ್ನು ಸಾಲ ತೀರಿಸಿ ಮರಳಿ ಪಡೆದಾಗ ‘ಹೊಲ ಬಿಡಿಸಿಕೊಂಡೆ’ ಎನ್ನುತ್ತಾನೆ. ಯಾಜಕಕಾಂಡದ 25ನೆಯ ಅಧ್ಯಾಯವು ಹೇಳುವುದೂ ಇದನ್ನೇ. ಬಡತನದಿಂದ ಭೂಮಿಯನ್ನು ಮಾರಿದವನ ಪರವಾಗಿ ಸಮೀಪ ಬಂಧುವು ಬಂದು ಅದನ್ನು ಬಿಡಿಸಬೇಕು. ನಾವು ‘ವಿಮೋಚನೆ’ ಎಂದು ಸಂಸ್ಕೃತದಲ್ಲಿ ಹೇಳುವಾಗ ಆ ಶಬ್ದದ ಹಿಂದೆ ಹೊಲವೂ ಸಾಲವೂ ಜೀತವೂ ಇವೆಯೆಂಬುದನ್ನು ಮರೆಯುತ್ತೇವೆ. ರೈತನ ಕಿವಿಗೆ ಬಿಡುಗಡೆಯೆಂಬುದು ಮನಸ್ಸಿನ ಸ್ಥಿತಿಯಲ್ಲ. ಕಾಗದ ಹರಿದು, ಹೊಲವು ಕೈಗೆ ಬರುವುದು.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಸುಂಕದವನಾದ ಜಕ್ಕಾಯನು ಎರಡು ಪ್ರತ್ಯೇಕ ಮಾತುಗಳನ್ನು ಆಡುತ್ತಾನೆ. ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದು ಒಂದು. ಅನ್ಯಾಯವಾಗಿ ಕಿತ್ತುಕೊಂಡುದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದು ಇನ್ನೊಂದು. ಮೊದಲನೆಯದು ದಾನ, ಎರಡನೆಯದು ನ್ಯಾಯ. ತಾನಾಗಿಯೇ ಅರಿಕೆಮಾಡಿಕೊಂಡವನು ಅಸಲಿನೊಡನೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಅರಣ್ಯಕಾಂಡದ 5ನೆಯ ಅಧ್ಯಾಯ ವಿಧಿಸಿತ್ತು. ಜಕ್ಕಾಯನು ಆ ಮಿತಿಯನ್ನು ದಾಟಿ, ಕುರಿಗಳ್ಳನಿಗೆ ವಿಮೋಚನಕಾಂಡವು ಗೊತ್ತುಪಡಿಸಿದ ದಂಡವನ್ನು ತನ್ನ ಮೇಲೆ ತಾನೇ ಹಾಕಿಕೊಂಡನು. ಆ ಮನೆಗೆ ಇಂದು ರಕ್ಷಣೆಯಾಯಿತೆಂದು ಕರ್ತನು ನುಡಿದದ್ದು ಈ ಎರಡೂ ಮಾತುಗಳಾದ ಮೇಲೆ.

ಸ್ಕ್ರೂಜನ ಲೆಕ್ಕದ ಪುಸ್ತಕ

ಸ್ಕ್ರೂಜನು ಕೇವಲ ಜಿಪುಣನಲ್ಲ, ಸಾಲ ಕೊಡುವವನೂ ಹೌದು. ಭವಿಷ್ಯವನ್ನು ತೋರಿಸುವ ಭೂತವು ಅವನಿಗೆ ಒಂದು ದಂಪತಿಯನ್ನು ಕಾಣಿಸುತ್ತದೆ. ಸಾಲಗಾರನು ಸತ್ತನೆಂಬ ಸುದ್ದಿ ಕೇಳಿ ಆ ಮನೆಯಲ್ಲಿ ನೆಮ್ಮದಿ ಮೂಡುತ್ತದೆ. ಅವನಷ್ಟು ನಿರ್ದಯಿ ಇನ್ನೊಬ್ಬನಿರಲಾರನೆಂಬುದೇ ಅವರ ಆಸರೆ. ಕಥೆಯ ಕೊನೆಯಲ್ಲಿ ಸ್ಕ್ರೂಜನು ಗುಮಾಸ್ತನ ಸಂಬಳವನ್ನು ಹೆಚ್ಚಿಸುತ್ತಾನೆ, ಅವನ ಮನೆಗೆ ಟರ್ಕಿ ಕೋಳಿಯನ್ನು ಕಳುಹಿಸುತ್ತಾನೆ, ಸೋದರಳಿಯನ ಮನೆಯ ಊಟಕ್ಕೆ ಹೋಗುತ್ತಾನೆ. ಬಡವರ ನಿಧಿಗೆ ದೊಡ್ಡ ಮೊತ್ತವನ್ನು ವಾಗ್ದಾನಮಾಡುವಾಗ ಅದರಲ್ಲಿ ಹಿಂದಿನ ಬಾಕಿಯೂ ಸೇರಿದೆಯೆಂದು ತಾನೇ ಹೇಳುತ್ತಾನೆ. ಡಿಕನ್ಸನಿಗೆ ಬಾಕಿಯ ಅರಿವಿತ್ತೆಂಬುದಕ್ಕೆ ಈ ಮಾತು ಸಾಕ್ಷಿ. ಆದರೆ ಆ ದಂಪತಿಯ ಸಾಲದ ಕಾಗದವು ಏನಾಯಿತೆಂದು ಕಥೆಯು ತಿಳಿಸುವುದಿಲ್ಲ. ಜಕ್ಕಾಯನ ಮೊದಲನೆಯ ಮಾತು ಇಲ್ಲಿ ಹಬ್ಬವಾಗಿ ನೆರವೇರಿತು. ಎರಡನೆಯದು ಅರ್ಧದಲ್ಲಿ ನಿಂತಿತು.

ಈ ಕೊರತೆಯನ್ನು ಕಥೆಗಾರನ ದೋಷವೆಂದಷ್ಟೇ ಎಣಿಸಲಾಗದು. ಲೋಭವು ಆ ಕಾಲದಲ್ಲಿ ಒಬ್ಬ ಮನುಷ್ಯನ ಹೃದಯದಲ್ಲಿ ಮಾತ್ರ ಇರದೆ ಶಾಸ್ತ್ರವಾಗಿಯೂ ನೆಲೆಗೊಂಡಿತ್ತು. ಬಡವರು ಸತ್ತರೆ ಹೆಚ್ಚಿನ ಜನಸಂಖ್ಯೆ ಕಡಿಮೆಯಾದೀತೆಂದು ಸ್ಕ್ರೂಜನಾಡುವ ಕಠಿಣ ಮಾತಿನ ಹಿಂದೆ ಥಾಮಸ್ ಮಾಲ್ಥಸನ ವಾದವಿದೆ. ಈ ಮಾಲ್ಥಸನು 1805ರಿಂದ 1834ರಲ್ಲಿ ತೀರಿಕೊಳ್ಳುವವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ನಮ್ಮ ಜಿಲ್ಲೆಗಳನ್ನು ಆಳಲು ಬರುತ್ತಿದ್ದ ಯುವಕರಿಗೆ ಪಾಠ ಹೇಳಿದ ಕಾಲೇಜು ಅದು.

ಆ ಪಾಠದ ಫಲವು 1876ರ ಧಾತು ಬರದಲ್ಲಿ ಕಂಡಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಬೆಂದುಹೋದವು. ಧಾನ್ಯದ ವ್ಯಾಪಾರದಲ್ಲಿ ಸರಕಾರವು ಕೈಹಾಕಬಾರದೆಂಬುದು ವೈಸರಾಯ್ ಲಿಟ್ಟನ್ನನ ನೀತಿಯಾಗಿತ್ತು. 1877ರಲ್ಲಿ ಬರಪರಿಹಾರದ ಪರಿಶೀಲನೆಗಾಗಿ ಬಂದ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಮಟ್ಟಕ್ಕೆ ಇಳಿಸಿದನು. ಇದೇ ಟೆಂಪಲ್ 1873-74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯ ಜನರ ಪ್ರಾಣ ಉಳಿಸಿದ್ದನು. ದುಂದುವೆಚ್ಚ ಮಾಡಿದನೆಂಬ ಟೀಕೆಗೆ ಆಗ ಗುರಿಯಾಗಿದ್ದನು. ಕರುಣೆ ತೋರಬಲ್ಲವನೆಂದು ಒಮ್ಮೆ ರುಜುವಾತಾದ ವ್ಯಕ್ತಿಯೇ ಶಾಸ್ತ್ರಕ್ಕೂ ಮೇಲಿನವರ ಅಸಮಾಧಾನಕ್ಕೂ ಬಾಗಿದನು. ಒಬ್ಬನ ಹೃದಯ ಪರಿವರ್ತನೆಯಿಂದಲೇ ಸಮಾಜವು ಸರಿಹೋಗುವುದೆಂಬ ನಂಬಿಕೆಗೆ ಇದಕ್ಕಿಂತ ಕಹಿಯಾದ ಉತ್ತರ ಬೇಕಿಲ್ಲ.

ಬರಕ್ಕೆ ಒಂದು ವರ್ಷ ಮೊದಲು, 1875ರ ಮೇ ತಿಂಗಳಲ್ಲಿ, ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ರೈತರ ದಂಗೆಯೂ ಇದನ್ನೇ ಸಾರಿತ್ತು. ರೈತರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾವಕಾರರ ಸಾಲದ ಕಾಗದಗಳನ್ನು. ಅವರಿಗೆ ಬೇಕಾಗಿದ್ದುದು ಸಾವಕಾರನ ಪ್ರಾಣವಲ್ಲ, ಕೊರಳಿಗೆ ಬಿದ್ದ ಕಾಗದದ ಬಿಡುಗಡೆ. 1879ರಲ್ಲಿ ಸರಕಾರವು ದಖ್ಖನ್ ರೈತರ ಪರಿಹಾರ ಕಾಯಿದೆಯನ್ನು ಮಾಡಿ, ಬರೆದ ಪತ್ರದ ಹಿಂದಿನ ನಿಜವಾದ ವ್ಯವಹಾರವನ್ನು ಕೆದಕಿ ನೋಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು.

ಮಿಷನ್ ಮುದ್ರಣಾಲಯದಿಂದ ಬಂದ ಕಾದಂಬರಿ

1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯವು’ ಅಚ್ಚಾಯಿತು. ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ. ಬರೆದವರು ಪೊಲೀಸ್ ಇಲಾಖೆಯಲ್ಲಿ ಸೇವೆ ಮಾಡಿದ ಗುಲ್ವಾಡಿ ವೆಂಕಟರಾಯರು, ಸಾರಸ್ವತ ಸಮಾಜದವರು. ಇದು ವಿಕ್ಟೋರಿಯಾ ಯುಗದ ಕನ್ನಡ ಕಾದಂಬರಿ. ಲೋಭವೇ ಇದರಲ್ಲಿಯೂ ವ್ಯಾಧಿಯ ಮೂಲ. ಅಡ್ಡದಾರಿಯಲ್ಲಿ ಹಣ ಕೂಡಿಹಾಕಿದ ಭೀಮರಾಯ, ಕಪಟ ಸಂತರ ಸೇವೆಯಲ್ಲಿ ಮುಳುಗಿದ ಅಂಬಾಬಾಯಿ, ಇವರ ಮಗಳಾಗಿ ಬಾಲ್ಯದಲ್ಲಿಯೇ ವಿಧವೆಯಾದ ಇಂದಿರಾ, ಇವರ ಸುತ್ತ ಕಥೆ ನಡೆಯುತ್ತದೆ.

ಡಿಕನ್ಸನ ಕಥೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಬಡವರ ಆಶೆಯೆಲ್ಲ ಧನಿಕನ ಮನಸ್ಸು ಕರಗುವುದನ್ನು ಕಾದಿದೆ. ಇಲ್ಲಿ ಇಂದಿರೆಯು ತಂದೆತಾಯಿಗಳ ಮನಃಪರಿವರ್ತನೆಗಾಗಿ ಕಾಯದೆ ಮನೆಯನ್ನು ಬಿಟ್ಟು ಹೊರಡುತ್ತಾಳೆ. ಅಮೃತರಾಯನೆಂಬ ಗೃಹಸ್ಥನು ಲೋಕಾಪವಾದವನ್ನು ಲೆಕ್ಕಿಸದೆ ಅವಳಿಗೆ ಆಶ್ರಯವನ್ನೂ ವಿದ್ಯೆಯನ್ನೂ ಕೊಡುತ್ತಾನೆ. ಅವಳು ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುತ್ತಾಳೆ. ಬಿಡುಗಡೆಯು ಅನ್ಯಾಯಕ್ಕೊಳಗಾದವಳ ಹೆಜ್ಜೆಯಿಂದ ಮೊದಲಾಗುತ್ತದೆ. ಇನ್ನೊಬ್ಬನು ಅವಳಿಗೆ ಹೊಣೆಯಾಗಿ ನಿಲ್ಲುವುದರಿಂದ ಪೂರ್ಣವಾಗುತ್ತದೆ. ಕ್ರೈಸ್ತ ಮುದ್ರಣಾಲಯವು ಈ ಕೃತಿಯನ್ನು ಅಚ್ಚು ಹಾಕಿತೆಂದು ನಾವು ಹೆಮ್ಮೆಪಡಬಹುದು. ಆದರೆ ಯಾಜಕಕಾಂಡವು ಹೇಳಿದ ಸಮೀಪ ಬಂಧುವಿನ ಕಾರ್ಯವನ್ನು ಕನ್ನಡ ಕಾದಂಬರಿಗೆ ತಂದವರು ನಮ್ಮ ಸಭೆಯ ಹೊರಗಿನವರು. ಇದನ್ನು ವಿನಯದಿಂದ ನೆನೆಯಬೇಕು.

ದಾನದಿಂದ ಹೊಣೆಗೆ

ಹೊಣೆಯ ಈ ಕಾರ್ಯವನ್ನು ಕಥೆಯಿಂದ ಊರಿನ ಲೆಕ್ಕಕ್ಕೆ ಇಳಿಸಿದ ಚರಿತ್ರೆಯೊಂದು ಜರ್ಮನಿಯಲ್ಲಿ ಮೊದಲಾಗಿ ನಮ್ಮ ಗದಗಿನವರೆಗೆ ಬಂದಿತು. ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಎಂಬ ಭಕ್ತಿವಂತನಾದ ಪ್ರೊಟೆಸ್ಟಂಟ್ ಗ್ರಾಮಾಧಿಕಾರಿಯು 1846-47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದನು. ಅದು ಸ್ಕ್ರೂಜನ ಮಾರ್ಗವೇ. ಆದರೆ ಧನಿಕರ ಉತ್ಸಾಹವು ಬಹುಕಾಲ ಬಾಳುವುದಿಲ್ಲವೆಂದು ಅನುಭವವು ಕಲಿಸಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನಲ್ಲಿ ಅವನು ಸಾಲ ಪಡೆಯುವವರನ್ನೇ ಸದಸ್ಯರನ್ನಾಗಿ ಮಾಡಿ, ಸಂಘದ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಕ್ರಮವನ್ನು ನೆಲೆಗೊಳಿಸಿದನು. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಸಲ್ಲಿಸಿದ ವರದಿಯು ಈ ಮಾರ್ಗವನ್ನೇ ಭಾರತಕ್ಕೆ ಸೂಚಿಸಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಕಟ್ಟಿದರು. ಏಷ್ಯಾದಲ್ಲಿಯೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದನ್ನು ಹೆಸರಿಸುವುದುಂಟು.

‘ಸಾಮಾಜಿಕ ಹೊಣೆ’ಯೆಂದು ನಾವು ಸುಲಭವಾಗಿ ಉಚ್ಚರಿಸುವ ಮಾತಿಗೆ ಇಲ್ಲಿ ಅದರ ಮೂಲಾರ್ಥ ದೊರಕುತ್ತದೆ. ಹೊಣೆಯೆಂದರೆ ಜಾಮೀನು. ನೆರೆಯವನು ಸಾಲ ತೀರಿಸದಿದ್ದರೆ ನನ್ನ ಹೊಲವೂ ಹೋದೀತೆಂಬ ಅಪಾಯವನ್ನು ಒಪ್ಪಿಕೊಂಡು ರುಜು ಹಾಕುವುದು. ಬೆನ್ಯಾಮೀನನಿಗಾಗಿ ಯೆಹೂದನು ಹೀಗೆ ಹೊಣೆಯಾದನು. ಇಬ್ರಿಯರಿಗೆ ಬರೆದ ಪತ್ರಿಕೆಯು 7ನೆಯ ಅಧ್ಯಾಯದಲ್ಲಿ ಉತ್ತಮವಾದ ಒಡಂಬಡಿಕೆಗೆ ಯೇಸುವೇ ಹೊಣೆಗಾರನೆಂದು ಸಾರುತ್ತದೆ. ದಾನಿಯು ಮೇಲಿನಿಂದ ಕೊಡುತ್ತಾನೆ; ಹೊಣೆಗಾರನು ಪಕ್ಕದಲ್ಲಿ ನಿಲ್ಲುತ್ತಾನೆ. ನಮ್ಮ ಕರ್ತನು ಎರಡನೆಯದನ್ನು ಆರಿಸಿಕೊಂಡನು.

ಸಂಘವೂ ಲೋಭಕ್ಕೆ ಅತೀತವಲ್ಲ. ಸಾವಕಾರನ ಗದ್ದಿಗೆಯ ಮೇಲೆ ಅಧ್ಯಕ್ಷನು ಕುಳಿತ ನಿದರ್ಶನಗಳನ್ನು ಸಹಕಾರ ಚಳವಳಿಯ ಚರಿತ್ರೆಯಲ್ಲಿ ಹುಡುಕಬೇಕಾಗಿಲ್ಲ. ಆದುದರಿಂದ ಹೃದಯದ ಮಾನಸಾಂತರವು ಬೇಡವೆಂದು ಯಾರೂ ಹೇಳಲಾರರು. ಡಿಕನ್ಸನು ಅದನ್ನು ಮನಮುಟ್ಟುವಂತೆ ತೋರಿಸಿದನೆಂಬುದಕ್ಕಾಗಿ ನಾವು ಅವನಿಗೆ ಋಣಿಗಳು. ಆದರೆ ಹೃದಯವು ಬದಲಾದ ಮರುದಿನದ ಮಾತೊಂದು ಉಳಿದಿದೆ.

ಕೃಷ್ಣೆಯ ದಂಡೆಯ ಈ ಕಬ್ಬಿನ ನಾಡಿನಲ್ಲಿ ಸಭಾಪಾಲಕನಾಗಿ ಹೋಗುವವನು ಸಾಲ ಕೊಡುವವನನ್ನೂ ಸಾಲಗಾರನನ್ನೂ ಒಂದೇ ಆರಾಧನೆಯಲ್ಲಿ ಕಾಣುವನು. ಬಡ್ಡಿಯಿಂದ ಬೆಳೆದ ಹಣವು ಕೃತಜ್ಞತೆಯ ಕಾಣಿಕೆಯಾಗಿ ಬಂದಾಗ ಅದನ್ನು ಸ್ವೀಕರಿಸಿ ಆಶೀರ್ವದಿಸುವುದು ಸುಲಭ. ‘ಆ ಕಾಗದ ಏನಾಯಿತು?’ ಎಂದು ಪ್ರೀತಿಯಿಂದಲೂ ಗುಪ್ತವಾಗಿಯೂ ಕೇಳುವುದು ಕಷ್ಟ. ಕರ್ತನು ಜಕ್ಕಾಯನ ಮನೆಗೆ ಊಟಕ್ಕೆ ಹೋದನೇ ಹೊರತು ಬೀದಿಯಲ್ಲಿ ಅವನನ್ನು ನಿಂದಿಸಲಿಲ್ಲ. ಆದರೆ ಆ ಊಟವು ಮುಗಿಯುವ ಮೊದಲೇ ಲೆಕ್ಕವು ತೆರೆಯಿತು. ಮುಂದಿನ ಕ್ರಿಸ್ಮಸ್ಸಿನಲ್ಲಿ ಸ್ಕ್ರೂಜನ ಕಥೆಯನ್ನು ಹೇಳುವವರು ಆ ದಂಪತಿಯನ್ನೂ ನೆನೆಯಲಿ.